ಹಳೇ ಬಸ್ಸು ಬಾರದ ದಿನ

ಕೊಟ್ಟೂರಿನಿಂದ ಕೂಡ್ಲಿಗಿಗೆ ಹೊರಟ ಬಸ್ಸಿನಲ್ಲಿ ಅರ್ಧಕ್ಕರ್ಧ ಸೀಟು ಖಾಲಿ ಇದ್ದವು. ಆದರೂ ಕಲ್ಯಾಣಮ್ಮ ಕಂಬಿ ಹಿಡಿದು ನಿಂತಿದ್ದಳು. ಹೆಡ್ ಮೇಡಂ ಆಗಿ ನಿವೃತ್ತಳಾದ, ಅರವತ್ತೆಂಟು ವರ್ಷದ, ಮಂಡಿನೋವಿನ ಹೆಂಗಸು ಹೀಗೆ ನಿಂತರೆ ಕಂಡಕ್ಟರ್ ಸುಮ್ಮನಿರುತ್ತಾನೆಯೇ? ಎರಡು ಸಲ "ಕೂಡ್ರಿ ಅಮ್ಮಾರ" ಅಂದ. ಮೂರನೆಯ ಸಲ, "ನಿಂತ್ರೂ ಟಿಕೀಟು ಅಷ್ಟರೀ, ಕುಂತ್ರೂ ಅಷ್ಟರೀ" ಅಂದ. ಮುಂದಿನ ಸೀಟಿನವರು ನಕ್ಕರು. ಕಲ್ಯಾಣಮ್ಮ ನಗಲೂ ಇಲ್ಲ, ಕೂಡಲೂ ಇಲ್ಲ. ಕೂತರೆ ಯೋಚನೆ ಬರುತ್ತದೆ, ನಿಂತರೆ ಮಂಡಿ ನೋಯುತ್ತದೆ. ಎರಡರಲ್ಲಿ ಮಂಡಿನೋವೇ ವಾಸಿ ಅನ್ನಿಸಿತ್ತು ಆಕೆಗೆ.

ಪಕ್ಕದ ಸೀಟಿನಲ್ಲಿ ಅರುಣಕುಮಾರ್ ಕೂತಿದ್ದ. ಆಕೆಯ ಹಳೆಯ ವಿದ್ಯಾರ್ಥಿ, ಈಗ ವಕೀಲ. ಆಕೆ ಅಧ್ಯಕ್ಷೆಯಾಗಿರುವ ಗುಡ್ಡ ಉಳಿಸಿ ಹೋರಾಟ ಸಮಿತಿಗೆ ಅವನೇ ಕಾರ್ಯದರ್ಶಿ. ತೊಡೆಯ ಮೇಲಿನ ಫೈಲನ್ನು ತಟ್ಟುತ್ತಾ ಅವನು ಬೆಳಗಿನಿಂದ ಅದೇ ಪಾಠ ಒಪ್ಪಿಸುತ್ತಿದ್ದ.

"ಅವತ್ತು ಪೊಲೀಸರ ಮುಂದ ಏನು ಹೇಳೀರಿ, ಅದನ್ನ ಇವತ್ತು ಕೋರ್ಟಿನಾಗೂ ಹೇಳ್ರಿ ಟೀಚರ್. ಬಂದ್ ಶಾಂತಿಯುತವಾಗಿತ್ತು. ಕಲ್ಲು ಹೊಡದಾಕಿ ನಮ್ಮ ಸಮಿತಿಯಾಕಿ ಅಲ್ಲ. ಯಾರೋ ಕಿಡಿಗೇಡಿಗಳು ಒಳಗ ಸೇರ್ಕಂಡಿದ್ರು. ಮುಗೀತು."

"ಚೌಡಕ್ಕನ್ನ ಕಿಡಿಗೇಡಿ ಅಂತ ನಾ ಹೇಳಬೇಕು."

"ಹೆಸರು ಹೇಳಬ್ಯಾಡ್ರಿ. ಕಿಡಿಗೇಡಿ ಅಂದ್ರ ಸಾಕು."

ಈ ಕಿಡಿಗೇಡಿ ಎಂಬ ಪದ ನಮ್ಮ ಹೋರಾಟಗಾರರ ಜೇಬಿನಲ್ಲಿ ಯಾವಾಗಲೂ ಇರುತ್ತದೆ. ಮೆರವಣಿಗೆಯಲ್ಲಿ ಘೋಷಣೆ ಕೂಗಿದವನು ಕಾರ್ಯಕರ್ತ, ಚಿತ್ರಾನ್ನ ಬಡಿಸಿದವನು ಕಾರ್ಯಕರ್ತ, ಲಾಠಿ ಏಟು ತಿಂದವನಂತೂ ಹುಲಿಯಂಥ ಕಾರ್ಯಕರ್ತ. ಕಲ್ಲು ಹೊಡೆದವನು ಮಾತ್ರ ಕಿಡಿಗೇಡಿ. ಅವನಿಗೆ ಊರಿಲ್ಲ, ಕೇರಿಯಿಲ್ಲ, ಹೆತ್ತವರಿಲ್ಲ. ಆ ಹೊತ್ತಿಗೆ ಮುಗಿಲಿನಿಂದ ಉದುರಿ ಬಂದವನು. ನಾಲ್ಕು ವರ್ಷದ ಹಿಂದೆ ಟಿವಿಯವರ ಮೈಕಿನ ಮುಂದೆ ಕಲ್ಯಾಣಮ್ಮನೂ ಆ ಪದವನ್ನೇ ತೆಗೆದಿದ್ದಳು. ಕಲ್ಲು ಹೊಡೆದ ಚೌಡಕ್ಕ ಆಗ ಪೊಲೀಸ್ ಜೀಪಿನಲ್ಲಿದ್ದಳು.

ಕಥೆ ಶುರುವಾದದ್ದು ಕೂಡ್ಲಿಗಿ ಸೀಮೆಯ ಕರೇಕಲ್ಲು ಗುಡ್ಡವನ್ನು ಗಣಿ ಕಂಪನಿಯೊಂದಕ್ಕೆ ಗುತ್ತಿಗೆ ಕೊಟ್ಟಾಗ. ಗುಡ್ಡದ ಬುಡದ ಹಟ್ಟಿಗಳ ಜನಕ್ಕೆ ಕುರಿ ಮೇಯುವ ಜಾಗ ಅದು, ಮಳೆ ಬಂದರೆ ನೀರು ಇಳಿದು ಬರುವ ಜಾಗ, ಮನೆದೇವರ ಕಲ್ಲು ಇರುವ ಜಾಗ. ಕಲ್ಯಾಣಮ್ಮ ಕೊಟ್ಟೂರಿನ ಅಂಗಡಿ ಮನೆತನದವಳಾದರೂ ಆ ಹಟ್ಟಿಗಳ ಶಾಲೆಯಲ್ಲಿ ಹದಿನೆಂಟು ವರ್ಷ ಕಲಿಸಿದ್ದಳು. ಜನ ಬಂದು ಕರೆದರು, ಹೋದಳು. ಮೂರು ವರ್ಷ ಮನವಿ ಕೊಟ್ಟಿದ್ದಾಯಿತು. ಕೊನೆಗೆ ಕೊಟ್ಟೂರು ಬಂದ್ ಮಾಡಿದರು. ಬಸ್ಸುಗಳು ಆರಾಮಾಗಿ ಓಡಾಡಿದವು, ಅಂಗಡಿಯವರು ಅರ್ಧ ಬಾಗಿಲು ತೆರೆದು ಬಿಸಿಬಿಸಿ ಮಿರ್ಚಿ ಮಾರಿದರು. ಬಸ್ಸು ಓಡುವ ಊರಿನಲ್ಲಿ ಬಂದ್ ಎಂದರೆ ಮದುಮಗನಿಲ್ಲದ ಮದುವೆ.

ಒಂದು ಬಸ್ಸಿನ ಗ್ಲಾಸು ಬೆಳಿಗ್ಗೆಯೇ ಒಡೆದರೆ ಉಳಿದ ಮಾಲೀಕರು ತಾವಾಗಿ ಬಸ್ಸು ನಿಲ್ಲಿಸುತ್ತಾರೆ ಎಂಬುದು ಊರಿಗೆಲ್ಲ ಗೊತ್ತಿದ್ದ ಗುಟ್ಟು. ಆದರೆ ಕಲ್ಯಾಣಮ್ಮನಿಗೆ ಹಿಂಸೆ ಆಗದು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಮೂವತ್ತು ವರ್ಷ ಶಾಲೆಯಲ್ಲಿ ಮಕ್ಕಳಿಂದ ನಾಟಕ ಆಡಿಸಿದವಳು ಇದಕ್ಕೂ ಒಂದು ನಾಟಕ ಕಟ್ಟಿದಳು. ಸಮಿತಿಯ ಅಜ್ಜಯ್ಯನಿಗೆ ಎರಡು ಬಸ್ಸುಗಳಿದ್ದವು. ಮೂರನೆಯದು ಓಡಿ ಓಡಿ ಸಾಕಾಗಿ ಶೆಡ್ಡಿನಲ್ಲಿ ನಿಂತಿತ್ತು. ಮುಂದಿನ ಬಂದ್ ದಿನ ಬೆಳಿಗ್ಗೆ ಆರಕ್ಕೆ ಆ ಹಳೇ ಬಸ್ಸನ್ನು ಅಜ್ಜಯ್ಯನೇ ಖಾಲಿ ಓಡಿಸಿಕೊಂಡು ಬಂದ, ಹರಪನಹಳ್ಳಿ ರಸ್ತೆಯ ಹುಣಸೆಮರದ ಹತ್ತಿರ ನಿಧಾನ ಮಾಡಿದ, ಎಡಗಡೆಯ ಮೂಲೆಗೆ ಒಂದು ಕಲ್ಲು ಬಿತ್ತು. ಗ್ಲಾಸು ಸಿಡಿದರೆ ಎಂದು ಅಜ್ಜಯ್ಯ ತಲೆಗೆ ಹೆಲ್ಮೆಟ್ ಹಾಕಿಕೊಂಡಿದ್ದ. ಹೆಲ್ಮೆಟ್ ಹಾಕಿಕೊಂಡು ಬಸ್ಸು ಓಡಿಸಿದ ಇನ್ನೊಬ್ಬ ಮನುಷ್ಯ ಈ ಸೀಮೆಯಲ್ಲಿ ಇರಲಿಕ್ಕಿಲ್ಲ. ಒಡೆದ ಗ್ಲಾಸಿನ ಫೋಟೋ ಅರ್ಧ ಗಂಟೆಯಲ್ಲಿ ಎಲ್ಲರ ಮೊಬೈಲಿಗೆ ಹೋಯಿತು, ಒಂದು ಬಸ್ಸೂ ಓಡಲಿಲ್ಲ. ಎರಡು ತಿಂಗಳ ಮೇಲೆ ಅದೇ ಬಸ್ಸು, ಅದೇ ಮೂಲೆ, ಅದೇ ಯಶಸ್ಸು.

ಕಲ್ಲು ಬೀಸಿದವಳು ಚೌಡಕ್ಕ. ಕರೇಕಲ್ಲುಹಟ್ಟಿಯ ಕುರಿಗಾಹಿ, ನಲವತ್ತೈದರ ಹೆಂಗಸು. ಜೋಳದ ಹೊಲದ ಅಟ್ಟಣೆ ಮೇಲೆ ನಿಂತು ಕವಣೆ ಬೀಸಿ ಹಕ್ಕಿ ಓಡಿಸುತ್ತ ಬೆಳೆದವಳು. ತೆನೆಗೆ ತಾಗದಂತೆ ಹಕ್ಕಿಯ ಪಕ್ಕಕ್ಕೇ ಕಲ್ಲು ಕಳಿಸುವ ಕೈ. ಆರಿಸಿದವಳು ಕಲ್ಯಾಣಮ್ಮ. "ಎಡಗಡಿ ಮೂಲಿ, ಚೌಡಕ್ಕ. ಅಲ್ಲಿ ಯಾರೂ ಕೂಡಂಗಿಲ್ಲ" ಎಂದು ಗೋಡೆಯ ಮೇಲೆ ಸೀಮೆಸುಣ್ಣದಿಂದ ಬಸ್ಸು ಬರೆದು ತೋರಿಸಿದ್ದಳು. ಫೋನು ಜೊತೆಗಿದ್ದರೆ ಎಲ್ಲಿದ್ದೆ ಎಂದು ಪೊಲೀಸರಿಗೆ ತಿಳಿಯುತ್ತದೆ, ಮನೆಯಲ್ಲಿ ಬಿಟ್ಟು ಹೋಗು ಎಂದು ಬುದ್ಧಿ ಹೇಳಿದವಳೂ ಆಕೆಯೇ.

ನಾಲ್ಕನೆಯ ಬಂದ್ ದಿನ ಹಳೇ ಬಸ್ಸು ಬರಲಿಲ್ಲ. ಬ್ಯಾಟರಿ ಕುಂತಿತ್ತು. ಆರಕ್ಕೆ ಹುಣಸೆಮರದ ಹತ್ತಿರ ಬಂದದ್ದು ಹರಪನಹಳ್ಳಿ ಕಡೆಯಿಂದ ಜನ ತುಂಬಿಕೊಂಡ ಬೇರೊಂದು ಬಸ್ಸು. ಚುಮುಚುಮು ಬೆಳಕು, ಕಣ್ಣಿಗೆ ಹೊಡೆಯುವ ಲೈಟು. ರಸ್ತೆಯುಬ್ಬಿಗೆ ಬಸ್ಸು ನಿಧಾನವಾಯಿತು. ಚೌಡಕ್ಕನ ಗುರಿ ತಪ್ಪಲಿಲ್ಲ. ಕಲ್ಲು ಎಡಗಡೆಯ ಮೂಲೆಗೇ ಬಿತ್ತು. ಅಜ್ಜಯ್ಯನಿಗೆ ಹೆಲ್ಮೆಟ್ ಇತ್ತು, ತೆಲಿಗಿಯ ಡ್ರೈವರ್ ಹನುಮಣ್ಣನಿಗೆ ಇರಲಿಲ್ಲ. ಸಿಡಿದ ಗಾಜು ಅವನ ಬಲಗಣ್ಣು ತಿಂದಿತು.

ಇನ್ನೊಂದು ಮಾತು ಹೇಳಬೇಕು, ಹೇಳಲಿಕ್ಕೆ ನಾಚಿಕೆಯಾದರೂ. ಮೂರು ವರ್ಷ ಮನವಿ ಕೊಟ್ಟರೂ ಅಲುಗಾಡದ ಫೈಲು ಆ ಕಣ್ಣು ಹೋದ ಹದಿನೈದು ದಿನಕ್ಕೆ ಅಲುಗಾಡಿತು. ಪರಿಸ್ಥಿತಿ ಕೈಮೀರುತ್ತಿದೆ ಎಂದು ಗುತ್ತಿಗೆ ರದ್ದಾಯಿತು. ಗುಡ್ಡ ಉಳಿಯಿತು. ಕಲ್ಯಾಣಮ್ಮನಿಗೆ ಹಡಗಲಿಯಲ್ಲಿ, ಹಗರಿಬೊಮ್ಮನಹಳ್ಳಿಯಲ್ಲಿ ಸನ್ಮಾನ ಆದವು, ಶಾಲುಗಳು ಬಿದ್ದವು. ಎಲ್ಲ ಕಡೆಯೂ ಆಕೆಯನ್ನು ಅಹಿಂಸೆಯ ದಾರಿಯಲ್ಲಿ ಗೆದ್ದ ತಾಯಿ ಎಂದರು.

ಇಷ್ಟು ಸಮಿತಿಯ ನಾಲ್ಕು ಜನಕ್ಕೆ ಗೊತ್ತು, ಹಳೇ ಬಸ್ಸಿನ ಗುಟ್ಟನ್ನು ಡ್ರೈವರುಗಳೂ ಊಹಿಸಿದ್ದರು. ಗೊತ್ತಿಲ್ಲದ್ದು ಒಂದಿತ್ತು. ಆ ಬೆಳಿಗ್ಗೆ ಐದು ನಲವತ್ತಕ್ಕೆ ಅಜ್ಜಯ್ಯ ಫೋನ್ ಮಾಡಿದ್ದ. "ಬಸ್ಸು ಶುರು ಆಗವಲ್ದು ಟೀಚರ್. ಹುಣಸಿಮರದ ತಾವ ಯಾರನ್ನರ ಕಳಸ್ರಿ, ಚೌಡಕ್ಕನ್ನ ವಾಪಸ್ ಕರಸ್ರಿ." ಆಯಿತು ಅಂದಳು ಕಲ್ಯಾಣಮ್ಮ. ಹುಣಸೆಮರ ಆಕೆಯ ಮನೆಯಿಂದ ಒಂದೂವರೆ ಕಿಲೋಮೀಟರ್. ಅಂಗಳದಲ್ಲಿ ಸ್ಕೂಟಿ ನಿಂತಿತ್ತು. ಆಕೆ ಹೊಸ್ತಿಲ ತನಕ ಬಂದಳು, ನಿಂತಳು. ಈ ಬಂದ್ ಬಿದ್ದರೆ ಗುಡ್ಡ ಬಿದ್ದ ಹಾಗೆ ಅನ್ನಿಸಿತು. ಯಾವುದೋ ಒಂದು ಬಸ್ಸು ಬಂದರೆ ಬರಲಿ, ಮೂಲೆಗೆ ತಾನೆ ಬೀಳುವುದು, ಚೌಡಕ್ಕನ ಕೈ ತಪ್ಪುವ ಕೈಯೇ ಅಲ್ಲ ಅನ್ನಿಸಿತು. ಒಳಗೆ ಹೋಗಿ ಚಹಕ್ಕೆ ನೀರಿಟ್ಟಳು. ಅಜ್ಜಯ್ಯ ಆ ಫೋನಿನ ಮಾತನ್ನು ಯಾರ ಹತ್ತಿರವೂ ಆಡಲಿಲ್ಲ. ಆಕೆಯ ಮುಖ ನೋಡುವುದನ್ನು ಮಾತ್ರ ಬಿಟ್ಟ, ಹೋದ ವರ್ಷ ತೀರಿಕೊಂಡ. ಈಗ ಅದು ಕಲ್ಯಾಣಮ್ಮನೊಬ್ಬಳ ಬಾಯಲ್ಲಿದ್ದ ಬಿಸಿತುಪ್ಪ, ನುಂಗಲೂ ಆಗದು, ಉಗುಳಲೂ ಆಗದು.

"ಬ್ಯಾರೆ ಹೇಳಿದ್ರ ಏನಾಗ್ತೈತಿ ಅರುಣ?" ಅಂದಳು, ಬಸ್ಸು ಕೂಡ್ಲಿಗಿಯ ಹತ್ತಿರ ಬಂದಾಗ.

ಅವನು ತಲೆಯೆತ್ತಿ ನೋಡಿದ. "ಕಂಪನಿಯವರ ಅಪೀಲು ಮುಂದಿನ ತಿಂಗಳ ಬರ್ತೈತಿ. ಅವರ ವಕೀಲರು ಬಾಯಿ ತಕ್ಕಂಡು ಕುಂತಾರ. ನೀವು ಒಂದ ಮಾತು ಒಪ್ಪಿದ್ರಿ ಅಂದ್ರ, ಇದು ಹೋರಾಟ ಅಲ್ಲ, ಸಂಚು ಅಂತಾರ. ಗುಡ್ಡ ಹೋಕ್ಕೈತಿ. ನೀವೂ ಒಳಗ ಹೋಕ್ಕೀರಿ."

"ಚೌಡಕ್ಕ?"

"ಆಕಿ ಕೇಸು ನಾನ ನಡಸಾಕತ್ತೀನಲ್ರಿ. ಹೆಣಮಗಳು, ಮೊದಲ್ನೇ ತಪ್ಪು. ಎರಡು ವರ್ಷ ಆದ್ರ ಹೆಚ್ಚು."

ಬೇರೆಯವರ ಎರಡು ವರ್ಷ ಯಾವಾಗಲೂ ಚಿಕ್ಕದೇ. ಕಲ್ಯಾಣಮ್ಮ ಕಂಬಿಯನ್ನು ಎಡಗೈಯಿಂದ ಬಲಗೈಗೆ ಬದಲಾಯಿಸಿದಳು.

"ಟೀಚರ್, ಸಾವಿರ ಮಂದಿ ಸೇರಿದಲ್ಲಿ ಸಾವಿರ ತಲಿ ಇರ್ತಾವು. ಬಿದ್ದ ಎಲ್ಲಾ ಕಲ್ಲಿಗೂ ನಾಯಕರ ಹೊಣಿ ಅಂದ್ರ, ನಾಳಿ ಬಡವರ ಮುಂದ ನಿಲ್ಲಾಕ ಯಾರು ಬರ್ತಾರ ಹೇಳ್ರಿ? ಗುಡ್ಡ ಅಗದೋರು ಹೊಣಿ ಹೊರ್ತಾರೇನು? ನಾವ ಯಾಕ ಹೊರಬೇಕು?"

"ಇದು ಸಾವಿರ ತಲಿದಲ್ಲೋ. ಒಂದ ತಲಿದು."

"ಆ ತಲಿ ನಮಗ ಬೇಕಾಗೈತಿ" ಅಂದ ಅರುಣಕುಮಾರ್. ಅದು ಪ್ರೀತಿಯ ಮಾತೇ. ಸುಳ್ಳೂ ಅಲ್ಲ. ಆದರೆ ಕಲ್ಯಾಣಮ್ಮನಿಗೆ ಆ ಪ್ರೀತಿಯೂ ಬೇಡವಾಗಿತ್ತು.

ಕೂಡ್ಲಿಗಿ ಕೋರ್ಟಿನ ಆವರಣಕ್ಕೆ ಆಕೆ ಕಾಲಿಟ್ಟಿದ್ದು ಅದೇ ಮೊದಲು. ನಾಲ್ಕು ವರ್ಷದಿಂದ ಚೌಡಕ್ಕನ ಎದುರಿಗೆ ಬಂದಿರಲಿಲ್ಲ. ಹಟ್ಟಿಯ ಕಡೆ ಹೋಗುವುದನ್ನೇ ಬಿಟ್ಟಿದ್ದಳು. ಕೇಳಿದವರಿಗೆ ಮಂಡಿನೋವು ಅನ್ನುತ್ತಿದ್ದಳು. ಹಾಗಾಗಿ ಬೇವಿನ ಮರದ ಕೆಳಗೆ ಕಂಡದ್ದನ್ನು ನೋಡಿ ಆಕೆ ನಿಂತುಬಿಟ್ಟಳು. ಕಟ್ಟೆಯ ಮೇಲೆ ಚೌಡಕ್ಕ ಕೂತಿದ್ದಳು. ಅವಳ ಪಕ್ಕದಲ್ಲಿ, ಒಂದೇ ಬುತ್ತಿ ಗಂಟಿನಿಂದ ರೊಟ್ಟಿ ಮುರಿದುಕೊಳ್ಳುತ್ತಾ, ಕಪ್ಪು ಕನ್ನಡಕದ ಹನುಮಣ್ಣ.

ಕೋರ್ಟಿನ ವಾಯಿದೆಗಳು ಹೀಗೆಯೇ. ನಾಲ್ಕು ವರ್ಷ ಇಪ್ಪತ್ತಾರು ಸಲ ಕರೆದು, ಬೆಳಿಗ್ಗೆಯಿಂದ ಸಂಜೆವರೆಗೆ ಕೂಡಿಸಿ, ಮುಂದಿನ ತಿಂಗಳು ಬಾ ಅಂದರೆ ಹೊಡೆದವರು ಹೊಡೆಸಿಕೊಂಡವರು ಎಷ್ಟು ದಿನ ಅಂತ ಮುಖ ತಿರುಗಿಸಿಕೊಂಡು ಕೂತಾರು? ಆರನೆಯ ವಾಯಿದೆಗೋ ಏಳನೆಯದಕ್ಕೋ ಚೌಡಕ್ಕ ಅವನ ಕಾಲು ಹಿಡಿದು ಅತ್ತಿದ್ದಳು. ಹನುಮಣ್ಣ ಎರಡು ವಾಯಿದೆ ಮಾತಾಡಿರಲಿಲ್ಲ, ಮೂರನೆಯದಕ್ಕೆ ನೀರು ಕೇಳಿದ್ದ. ಅರುಣಕುಮಾರನಿಗೆ ಇದು ಗೊತ್ತಿತ್ತು. ಕಲ್ಯಾಣಮ್ಮನಿಗೆ ಹೇಳಿರಲಿಲ್ಲ.

"ಟೀಚರಮ್ಮ ಬಂದ್ರು!" ಚೌಡಕ್ಕ ಎದ್ದು ನಿಂತಳು. ನಾಲ್ಕು ವರ್ಷದಲ್ಲಿ ಇಳಿದುಹೋಗಿದ್ದಳು, ಕೂದಲು ಪೂರ್ತಿ ಬೆಳ್ಳಗಾಗಿತ್ತು. "ಎಷ್ಟು ಬಡವಾಗೀರಿ! ಮಂಡಿ ಹೆಂಗೈತ್ರಿ? ಕುಂದರ್ರಿ, ಬಿಸಲಾಗ ನಿಂದರಬ್ಯಾಡ್ರಿ."

ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಕಲ್ಯಾಣಮ್ಮನಿಗೆ. ಬೈಗುಳಕ್ಕೆ ಆಕೆ ತಯಾರಾಗಿ ಬಂದಿದ್ದಳು.

"ಇವರೇ ಹನುಮಣ್ಣ" ಎಂದು ಚೌಡಕ್ಕ ನೆಂಟರನ್ನು ತೋರಿಸುವಂತೆ ತೋರಿಸಿದಳು. "ಇವತ್ತು ಇವರಿಗೆ ಕೋರ್ಟಿನ ಕರಿ ಇಲ್ರಿ. ನೀವು ಸಾಕ್ಷಿ ಹೇಳ್ತೀರಿ ಅಂತ ಬಂದಾರ."

ಹನುಮಣ್ಣ ಕೈಮುಗಿದ. ಸ್ಟಿಯರಿಂಗ್ ಹಿಡಿದ ಕೈ ಈಗ ಹರಪನಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಬೇರೆಯವರ ಬಸ್ಸಿಗೆ ಜನ ಕರೆಯುತ್ತಿತ್ತು. ದಿನವಿಡೀ ಹಡಗಲಿ, ಹಡಗಲಿ, ದಾವಣಗೆರೆ, ದಾವಣಗೆರೆ ಎಂದು ಕೂಗಿ ಗಂಟಲು ಒಡೆದುಹೋಗಿತ್ತು.

"ಮೇಡಮ್ಮರೆ, ಒಂದು ಕೇಳ್ಬೇಕು ಅಂತ ಬಂದೆ" ಅಂದ. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಕಷ್ಟ. "ಹಳೇ ಬಸ್ಸಿನ ವಿಷಯ ನಮ್ಮ ಡ್ರೈವರುಗಳಿಗೆಲ್ಲ ಗೊತ್ತೈತೆ. ನಾವೂ ನಗ್ತಿದ್ವಿ. ಚೌಡಕ್ಕಂಗೆ ನಾ ಏನೂ ಅನ್ನಲ್ಲ, ಆಕಿ ಹೇಳಿದ್ದು ಮಾಡ್ಯಾಳೆ. ನನಗೆ ತಿಳೀಬೇಕಾದ್ದು ಒಂದೇ. ಹಳೇ ಬಸ್ಸು ಬರಲ್ಲ ಅಂತ ಅವತ್ತು ಯಾರಿಗಾದ್ರೂ ಮೊದಲೇ ಗೊತ್ತಾಗಿತ್ತಾ? ಯಾರಾದ್ರೂ ತಡೀಬಹುದಿತ್ತಾ? ನಾಲ್ಕು ವರ್ಷದಿಂದ ಇದೊಂದು ತಲ್ಯಾಗೆ ತಿರುಗ್ತೈತೆ."

ಅಷ್ಟರಲ್ಲಿ ಜವಾನ ಬಾಗಿಲಿಗೆ ಬಂದು ಕಲ್ಯಾಣಮ್ಮನ ಹೆಸರನ್ನು ಮೂರು ಸಲ ಕೂಗಿದ. ಆಕೆ ಬದುಕಿದೆನೆಂದು ಮೆಟ್ಟಿಲು ಹತ್ತಿದಳು. ಮಂಡಿ ನೋಯುತ್ತಿರುವುದು ಗೊತ್ತೇ ಆಗಲಿಲ್ಲ.

ಕಟಕಟೆಯಲ್ಲಿ ನಿಂತಾಗ ಎದುರಿನ ಮೂಲೆಯಲ್ಲಿ ಚೌಡಕ್ಕ ನಿಂತಿದ್ದಳು, ಪರೀಕ್ಷೆಗೆ ಬಂದ ಹುಡುಗಿಯ ಹಾಗೆ ಕೈಕಟ್ಟಿಕೊಂಡು. ಸರ್ಕಾರಿ ವಕೀಲರು ಬೇಸರದಿಂದ ಕಾಗದ ತಿರುವಿದರು. ಅವರಿಗೆ ಇದು ದಿನದ ಮೂರನೆಯ ಕೇಸು.

"ಆರೋಪಿ ನಿಮ್ಮ ಸಮಿತಿಗೆ ಸೇರಿದವರೇ?"

ಅಲ್ಲ ಎನ್ನಲು ಬಾಯಿ ತೆರೆದಿದ್ದಳು. ಚೌಡಕ್ಕ ಆಕೆಯನ್ನೇ ನೋಡುತ್ತಿದ್ದಳು. ಅಲ್ಲ ಎಂದರೂ ಈಕೆ ನನ್ನನ್ನು ಹೀಗೆಯೇ ನೋಡುತ್ತಾಳೆ, ಸಂಜೆ ಮರದ ಕೆಳಗೆ ಮತ್ತೆ ಮಂಡಿನೋವು ಕೇಳುತ್ತಾಳೆ ಎಂದು ಕಲ್ಯಾಣಮ್ಮನಿಗೆ ಹೊಳೆಯಿತು. ಅದನ್ನು ತಾಳಿಕೊಳ್ಳುವ ಶಕ್ತಿ ತನಗಿಲ್ಲ ಅನ್ನಿಸಿತು.

"ಹೌದು" ಅಂದಳು. "ನಮ್ಮಾಕಿನ. ನಾನ ಕರದಿದ್ದು. ಎಲ್ಲಿ ಹೊಡಿಬೇಕು ಅಂತ ಬರದು ತೋರಿಸಿದಾಕಿನೂ ನಾನ."

ಅರುಣಕುಮಾರ್ ಎದ್ದುಬಿಟ್ಟ. ಸರ್ಕಾರಿ ವಕೀಲರ ಬೇಸರ ಎಲ್ಲಿ ಹೋಯಿತೋ. ನ್ಯಾಯಾಧೀಶರು ನಡುವಯಸ್ಸಿನ ಹೆಂಗಸು. ಕನ್ನಡಕ ತೆಗೆದು ನೋಡಿದರು. "ಅಮ್ಮಾ, ನೀವು ಸಾಕ್ಷಿಯಾಗಿ ಬಂದಿದ್ದೀರಿ. ನೀವು ಹೇಳುವುದು ನಿಮಗೇ ಮುಳುವಾಗಬಹುದು. ಹೇಳಲೇಬೇಕೆಂದಿಲ್ಲ. ಯೋಚಿಸಿ."

"ನಾಲ್ಕು ವರ್ಷ ಯೋಚಿಸೀನಿ ತಾಯಿ" ಅಂದಳು ಕಲ್ಯಾಣಮ್ಮ. ಶುರು ಮಾಡಿದ ಮೇಲೆ ನಿಲ್ಲಲಿಲ್ಲ. ಹಳೇ ಬಸ್ಸು, ಅಜ್ಜಯ್ಯನ ಹೆಲ್ಮೆಟ್, ಗೋಡೆಯ ಮೇಲಿನ ಚಿತ್ರ, ಮನೆಯಲ್ಲಿ ಬಿಡಿಸಿದ ಫೋನು, ಮೈಕಿನ ಮುಂದೆ ಕಿಡಿಗೇಡಿ ಎಂದದ್ದು, ಎಲ್ಲ ಬಂತು. ಟೈಪಿಸ್ಟನ ಬೆರಳು ಹಿಂದೆ ಬೀಳುತ್ತಿತ್ತು. ಹೇಳುತ್ತ ಹೇಳುತ್ತ ಎದೆ ಹಗುರಾಯಿತು. ಎಷ್ಟೋ ದಿನದ ಮೇಲೆ ತನ್ನ ದನಿ ತನಗೇ ಚೆಂದ ಕೇಳಿಸಿತು.

ಆಗ ನ್ಯಾಯಾಧೀಶರು ಕೇಳಿದರು. "ಆ ದಿನ ಹಳೆಯ ಬಸ್ಸು ಬರುವುದಿಲ್ಲ ಎಂಬುದು ನಿಮಗೆ ಯಾವಾಗ ತಿಳಿಯಿತು?"

ಕಲ್ಯಾಣಮ್ಮ ಬಾಗಿಲ ಕಡೆ ನೋಡಿದಳು. ಅಲ್ಲಿ ಹನುಮಣ್ಣ ಗೋಡೆಗೊರಗಿ ನ್ಯಾಯಾಧೀಶರ ಕಡೆ ಕಿವಿಗೊಟ್ಟು ನಿಂತಿದ್ದ. ಇಷ್ಟೆಲ್ಲ ಹೇಳಿದ ಮೇಲೆ ಇದೊಂದು ಉಳಿದರೆ ಏನಾಯಿತು? ಶಿಕ್ಷೆ ಆಗುವುದು ಆಗಿಯೇ ಆಗುತ್ತದೆ. ತಪ್ಪು ಲೆಕ್ಕ ಹಾಕಿದ ನಾಯಕಿ ಎಂದರೆ ಒಪ್ಪಿಕೊಳ್ಳಬಹುದು. ಗೊತ್ತಿದ್ದೂ ಒಲೆ ಹೊತ್ತಿಸಿ ಚಹಕ್ಕಿಟ್ಟವಳು ಎಂದರೆ?

"ಆಮ್ಯಾಲೆ" ಅಂದಳು. "ಎಲ್ಲಾ ಆದಮ್ಯಾಲೆ ಗೊತ್ತಾತು."

ಊಟದ ಹೊತ್ತಾಗಿತ್ತು. ಹೇಳಿಕೆ ಟೈಪಾಗಲಿ, ಮಧ್ಯಾಹ್ನ ಓದಿ ಕೇಳಿಸಿ ಸಹಿ ಮಾಡಿಸಿಕೊಳ್ಳೋಣ ಎಂದು ನ್ಯಾಯಾಧೀಶರು ಎದ್ದರು.

ಹೊರಗೆ ಅರುಣಕುಮಾರ್ ಆಕೆಯ ಹತ್ತಿರ ಬರಲಿಲ್ಲ. ಕಂಬದ ಹಿಂದೆ ನಿಂತು ಯಾರಿಗೋ ಫೋನಿನಲ್ಲಿ, "ಮುಗೀತು, ಗುಡ್ಡ ಮುಗೀತು" ಅನ್ನುತ್ತಿದ್ದ. ಉಳಿದವರ ಕಥೆಯೇ ಬೇರೆ. ಸುದ್ದಿ ಕೋರ್ಟಿನ ಚಹದಂಗಡಿ ತಲುಪಲು ಎಷ್ಟು ಹೊತ್ತು? ತರುಣ ವಕೀಲರಿಬ್ಬರು ಬಂದು ಆಕೆಯ ಕಾಲು ಮುಟ್ಟಿದರು. ಒಬ್ಬ ಮುದುಕ, "ತಪ್ಪು ತನ್ನ ಮ್ಯಾಗ ಹಾಕ್ಕಂಡ್ಳು ನೋಡ್ರಿ, ಇಂಥಾರು ಈಗೆಲ್ಲಿ ಅದಾರ" ಅಂದ. ತಪ್ಪೊಪ್ಪಿಕೊಂಡದ್ದಕ್ಕೂ ಸನ್ಮಾನ! ಕಲ್ಯಾಣಮ್ಮನ ಹೆಗಲಿಗೆ ಇನ್ನೊಂದು ಶಾಲು ಬೀಳುವುದೊಂದು ಬಾಕಿ.

ಬೇವಿನ ಮರದ ಕೆಳಗೆ ಚೌಡಕ್ಕ ಆಕೆಯ ಎರಡೂ ಕೈ ಹಿಡಿದುಕೊಂಡು ಕಣ್ಣಿಗೊತ್ತಿಕೊಂಡಳು. ಅಳುತ್ತಲೇ ನಗುತ್ತಿದ್ದಳು. ರೊಟ್ಟಿ ಮುರಿದು, ಪುಂಡಿಪಲ್ಯ ಹಚ್ಚಿ, ಆಕೆಯ ಕೈಗಿಟ್ಟಳು. ಆಮೇಲೆ ಹನುಮಣ್ಣನ ಕಡೆ ತಿರುಗಿದಳು.

"ಕೇಳಿದೇನು ಹನುಮಣ್ಣ? ನಾ ಹೇಳಿದ್ದಿಲ್ಲೇನು? ಟೀಚರಮ್ಮಗ ಗೊತ್ತಿದ್ರ ಸುಮ್ನ ಇರ್ತಿದ್ದಿಲ್ಲ. ಎದ್ದು ಓಡಿ ಬಂದು ನನ್ನ ಕೈ ಹಿಡೀತಿದ್ರು. ಇದನ್ನ ಇವಗ ಇಪ್ಪತ್ತು ಸಲ ಹೇಳೀನ್ರಿ, ನಂಬಲಿಲ್ಲ."

ಹನುಮಣ್ಣ ತಲೆಯಾಡಿಸಿದ. "ನಂಬಿದೆ ಬಿಡಕ್ಕ" ಅಂದ. "ಮೇಡಮ್ಮರು ಅಷ್ಟು ಜನರ ಮುಂದೆ ಹೇಳಿದ್ಮೇಲೆ ಇನ್ನೇನೈತೆ. ಹಣೇಬರ ಅಂತ ತಿಳ್ಕಂತೀನಿ." ಅವನ ಮುಖ ನಿಜವಾಗಿಯೂ ಸಡಿಲವಾಗಿತ್ತು. ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿದ. ಬಲಗಣ್ಣಿದ್ದ ಜಾಗ ಮುಚ್ಚಿ ಹೊಲಿದಂತಿತ್ತು.

ಕಲ್ಯಾಣಮ್ಮ ಕೈಯಲ್ಲಿದ್ದ ರೊಟ್ಟಿಯನ್ನು ಕಟ್ಟೆಯ ಮೇಲಿಟ್ಟಳು. ಎದ್ದಳು, ನಲ್ಲಿಯ ತನಕ ಹೋದಳು, ಬಂದಳು, ಕೂತಳು, ಮತ್ತೆ ಎದ್ದಳು. ಹಣೆಬರಹ! ಆ ಮನುಷ್ಯ ಒಂದು ಕಣ್ಣನ್ನು ಹಣೆಬರಹದ ಖಾತೆಗೆ ಹಾಕಿ ಸಮಾಧಾನ ಮಾಡಿಕೊಂಡಿದ್ದ, ಅದೂ ಆಕೆಯ ಮಾತು ನಂಬಿ. ಅವನಿಗೆ ಸಮಾಧಾನ ಸಿಕ್ಕಿದೆಯಲ್ಲ, ಹಾಗೇ ಇರಲಿ ಬಿಡು ಎಂದು ಒಳಗೊಬ್ಬಳು ಹೇಳಿದಳು. ಆ ಒಳಗಿನವಳನ್ನು ಕಲ್ಯಾಣಮ್ಮ ಚೆನ್ನಾಗಿ ಬಲ್ಲಳು. ಹೊಸ್ತಿಲಲ್ಲಿ ತನ್ನನ್ನು ನಿಲ್ಲಿಸಿದವಳು ಅವಳೇ. ಅವಳು ಯಾವತ್ತೂ ಬೇರೆಯವರ ಒಳ್ಳೆಯದಕ್ಕೇ ಮಾತಾಡುತ್ತಾಳೆ. ಅವಳ ಮೇಲೆ ಕಲ್ಯಾಣಮ್ಮನಿಗೆ ತಡೆಯಲಾರದಷ್ಟು ಹೇಸಿಗೆ ಬಂತು.

ಮೂರು ಗಂಟೆಗೆ ಕರೆದರು. ಟೈಪಾದ ನಾಲ್ಕು ಹಾಳೆಗಳನ್ನು ಗುಮಾಸ್ತ ಒಂದೇ ರಾಗದಲ್ಲಿ ಓದಿದ. ಆಕೆಯ ಮಾತೆಲ್ಲ ಕೋರ್ಟಿನ ಕನ್ನಡದಲ್ಲಿ ಇಸ್ತ್ರಿ ಹಾಕಿದಂತಾಗಿತ್ತು. "ಸದರಿ ಬಸ್ಸು ಬಾರದಿರುವ ವಿಷಯವು ಘಟನೆಯ ನಂತರ ನನ್ನ ಗಮನಕ್ಕೆ ಬಂದಿರುತ್ತದೆ." ಓದಿ ಮುಗಿಸಿ ಪೆನ್ನು ಕೊಟ್ಟ. "ಸರಿ ಇದೆಯಲ್ಲ? ಇಲ್ಲಿ ಸಹಿ ಮಾಡಿ."

ಆಕೆ ಪೆನ್ನು ಹಿಡಿದಳು. ಸಹಿ ಹಾಕದೆ ಹಾಳೆಯ ಮೇಲಿಟ್ಟಳು.

"ಆ ಸಾಲು ಸರಿ ಇಲ್ರಿ" ಅಂದಳು.

ನ್ಯಾಯಾಧೀಶರು ತಲೆಯೆತ್ತಿದರು. ಅರುಣಕುಮಾರ್ ಈ ಸಲ ಏಳಲಿಲ್ಲ, ಮುಖವನ್ನು ಅಂಗೈಯಲ್ಲಿ ಮುಚ್ಚಿಕೊಂಡ.

"ನಂತರ ಅಲ್ಲ. ಮೊದಲ ಗೊತ್ತಿತ್ತು. ಐದು ನಲವತ್ತಕ್ಕ ಅಜ್ಜಯ್ಯ ಫೋನ್ ಮಾಡಿದ್ದ. ಚೌಡಕ್ಕನ್ನ ವಾಪಸ್ ಕರಸ್ರಿ ಅಂದಿದ್ದ. ಇಪ್ಪತ್ತು ನಿಮಿಷ ಇತ್ತು. ನಾ ಹೋಗಲಿಲ್ಲ, ಯಾರನ್ನೂ ಕಳಸಲಿಲ್ಲ. ಬಂದ್ ಬೀಳಬಾರದು ಅಂತ ಸುಮ್ನ ಕುಂತೆ." ಒಂದೇ ಉಸಿರಿಗೆ ಹೇಳಿದಳು. ಈ ಸಲ ಎದೆ ಹಗುರಾಗಲಿಲ್ಲ. ದನಿ ಚೆಂದ ಕೇಳಿಸಲಿಲ್ಲ.

ಬಾಗಿಲಲ್ಲಿ ಹನುಮಣ್ಣ ಕನ್ನಡಕ ಹಾಕಿಕೊಂಡು ಹೊರಗೆ ಹೋದ. ಚೌಡಕ್ಕ ಕೈಕಟ್ಟಿಕೊಂಡೇ ನಿಂತಿದ್ದಳು, ಹೇಳಿದ್ದು ಅರ್ಥವಾಗದವಳಂತೆ ಒಮ್ಮೆ ನ್ಯಾಯಾಧೀಶರನ್ನೂ ಒಮ್ಮೆ ಕಲ್ಯಾಣಮ್ಮನನ್ನೂ ನೋಡಿದಳು. ಟೈಪಿಸ್ಟ್ ಆ ಸಾಲನ್ನು ತಿದ್ದಿದ. ಕಲ್ಯಾಣಮ್ಮ ನಾಲ್ಕೂ ಹಾಳೆಗೆ ಸಹಿ ಹಾಕಿದಳು. ಊರು ಬಿಟ್ಟು ಹೋಗಬಾರದೆಂದು ನ್ಯಾಯಾಧೀಶರು ಹೇಳಿದ್ದಕ್ಕೆ ಆಗಲಿ ಅಂದಳು.

ಹೊರಗೆ ಯಾರೂ ಕಾಲು ಮುಟ್ಟಲು ಬರಲಿಲ್ಲ. ಮಧ್ಯಾಹ್ನದ ಮುದುಕ ದಾರಿ ಬಿಟ್ಟು ಸರಿದ. ಕಟ್ಟೆಯ ಹತ್ತಿರ ಚೌಡಕ್ಕ ಬುತ್ತಿಯ ಬಟ್ಟೆ ಕೊಡವಿ ಮಡಿಸುತ್ತಿದ್ದಳು. ಕಲ್ಯಾಣಮ್ಮ ಅವಳ ಎದುರು ನಿಂತಳು. ಕ್ಷಮಿಸು ಅನ್ನಬೇಕೆಂದು ಬಂದಿದ್ದಳು. ಆ ಪದ ತೀರಾ ಚಿಕ್ಕದಾಗಿ ಕಂಡಿತು.

ಚೌಡಕ್ಕ ತಲೆಯೆತ್ತದೆ ಗಂಟು ಬಿಗಿದಳು.

"ನಾಲ್ಕು ವರ್ಷ ಕವಣಿ ಮುಟ್ಟಿಲ್ರಿ ನಾನು" ಅಂದಳು. ದನಿ ಮೆಲ್ಲಗಿತ್ತು. "ಕೈ ತಪ್ಪೈತಿ, ಕೈ ತಪ್ಪೈತಿ ಅಂತ ಈ ಕೈಗೆ ಬರಿ ಹಾಕ್ಕಂಡೀನಿ." ಸೆರಗು ಸರಿಸಿ ಮುಂಗೈ ತೋರಿಸಿದಳು. ಸುಟ್ಟ ಗೆರೆಗಳು ಎರಡಿದ್ದವು, ಹಳೆಯವು. "ಇಪ್ಪತ್ತು ನಿಮಿಷ ಇತ್ತಂತಲ್ರಿ ಟೀಚರಮ್ಮ. ಕುಂಟಿಕೋತ ಬಂದಿದ್ರೂ ಮುಟ್ತಿದ್ರಿ."

ಕಲ್ಯಾಣಮ್ಮ ಆ ಗೆರೆಗಳನ್ನು ಮುಟ್ಟಲು ಕೈ ಚಾಚಿದಳು. ಚೌಡಕ್ಕ ಸೆರಗು ಎಳೆದುಕೊಂಡಳು. ಗಂಟನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಗೇಟಿನ ಹತ್ತಿರ ನಿಂತಿದ್ದ ಹನುಮಣ್ಣನ ಕಡೆ ನಡೆದಳು. ಅವನು ಏನೋ ಕೇಳಿದ, ಅವಳು ತಲೆ ಅಲ್ಲಾಡಿಸಿದಳು. ಇಬ್ಬರೂ ಬಸ್‌ಸ್ಟ್ಯಾಂಡಿನ ದಾರಿ ಹಿಡಿದರು, ಹಿಂದೆ ತಿರುಗಿ ನೋಡಲಿಲ್ಲ.